ನನ್ನದೇ ರಕ್ತ, ನನ್ನದೇ ಮುಖ

ಅಲಂಕಾರದ ವಿಷಯದಲ್ಲಿ ಇಸ್ಲಾಮ್ ಜಿಪುಣತನ ತೋರಿದ ಧರ್ಮವಲ್ಲ. ಅಲ್ಲಾಹನು ತನ್ನ ದಾಸರಿಗೆಂದೇ ಹೊರತಂದ ಸೊಬಗನ್ನು ನಿಷಿದ್ಧಗೊಳಿಸಲು ಯಾರಿಗೆ ಅಧಿಕಾರವಿದೆ ಎಂಬ ಅರ್ಥದ ಪ್ರಶ್ನೆಯನ್ನು ಪವಿತ್ರ ಕುರ್‌ಆನ್ ಎತ್ತಿದೆ (ಅಲ್ ಅಅ್‌ರಾಫ್: 32). ಅದರ ಹಿಂದಿನ ವಚನದಲ್ಲೇ ಮಸೀದಿಗೆ ಹೋಗುವಾಗ ಅಲಂಕೃತರಾಗಿ ಹೋಗಬೇಕೆಂಬ ಆದೇಶವಿದೆ. ಮದರಂಗಿ, ಸುರುಮ, ಅತ್ತರು, ಶುಭ್ರವಾದ ಉಡುಪು, ಬಾಚಿದ ಕೂದಲು ಇವೆಲ್ಲ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದಿವೆ. ಇವುಗಳಿಗೆ ಯಾವ ಉಲಮಾಗಳೂ ಬಾಗಿಲು ಮುಚ್ಚಿಲ್ಲ. ಆದ್ದರಿಂದ ಓದುಗರು ಈ ಬರಹವನ್ನು ಹರಾಮ್‌ಗಳ ಇನ್ನೊಂದು ಪಟ್ಟಿ ಎಂದು ಭಾವಿಸಿ ಪುಟ ತಿರುವಬಾರದೆಂದು ವಿನಂತಿ.

ಮಹಿಳೆಯರ ತರಗತಿಗಳಲ್ಲಿ ಪರದೆಯ ಆಚೆಯಿಂದ ಚೀಟಿಗಳಲ್ಲಿ ಪ್ರಶ್ನೆಗಳು ಬರುವುದುಂಟು. ಅಂತಹ ಒಂದು ಚೀಟಿಯಲ್ಲಿ ಹೀಗಿತ್ತು: “ಉಸ್ತಾದರೇ, ಮುಖದ ಸುಕ್ಕು ಹೋಗಲಾಡಿಸಲು ನಮ್ಮದೇ ರಕ್ತವನ್ನು ತೆಗೆದು, ಯಂತ್ರದಲ್ಲಿ ತಿರುಗಿಸಿ, ಇನ್ನೊಂದು ಔಷಧದ ಜೊತೆ ಮುಖಕ್ಕೆ ಚುಚ್ಚುತ್ತಾರೆ. ಬೇರೆಯವರ ರಕ್ತವಲ್ಲ. ಹಂದಿಯ ಕೊಬ್ಬೂ ಅಲ್ಲ. ನನ್ನದೇ ರಕ್ತ, ನನ್ನದೇ ಮುಖ. ಇದರಲ್ಲಿ ತಪ್ಪೇನು?” ಪ್ರಶ್ನೆ ಚಿಕ್ಕದು. ಆದರೆ ‘ನನ್ನದೇ’ ಎಂಬ ಪದವನ್ನು ಆಕೆ ಎರಡು ಸಲ ಬರೆದಿದ್ದರು. ಇಡೀ ವಾದ ನಿಂತಿರುವುದು ಆ ಪದದ ಮೇಲೆಯೇ.

ವಿಧಿಯನ್ನು ಹೇಳುವ ಮೊದಲು ವಿಷಯವನ್ನು ಅರಿಯಬೇಕು. ಒಂದು ವಸ್ತುವಿನ ಬಗ್ಗೆ ತೀರ್ಪು ನೀಡುವುದು ಅದರ ಸರಿಯಾದ ಕಲ್ಪನೆಯ ನಂತರವೇ ಎಂಬುದು ಮದ್ರಸಗಳಲ್ಲಿ ನಮಗೆ ಮೊದಲು ಕಲಿಸುವ ನಿಯಮ. ದುರದೃಷ್ಟವಶಾತ್ ನಾವು ಅದನ್ನು ಬೇಗ ಮರೆಯುತ್ತೇವೆ.

ಈ ಚಿಕಿತ್ಸೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಫಿಲ್ಲರ್, ಅಂದರೆ ತುಂಬುವ ವಸ್ತು. ವಯಸ್ಸಾದಂತೆ ಮುಖದ ಚರ್ಮದಡಿಯ ಕೊಬ್ಬು ಕರಗುತ್ತದೆ, ಮೂಳೆಯೂ ಸ್ವಲ್ಪ ಸವೆಯುತ್ತದೆ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಕಡಿಮೆಯಾಗುತ್ತದೆ. ಕೆನ್ನೆ ಇಳಿಯುತ್ತದೆ, ಕಣ್ಣಿನ ಕೆಳಗೆ ಗುಳಿ ಬೀಳುತ್ತದೆ, ಮೂಗಿನ ಬದಿಯಿಂದ ಬಾಯಿಯ ಕಡೆಗೆ ಗೆರೆ ಮೂಡುತ್ತದೆ. ಈ ತಗ್ಗುಗಳನ್ನು ಸೂಜಿಯ ಮೂಲಕ ತುಂಬಿಸುವುದೇ ಫಿಲ್ಲರ್. ಇದೇನೂ ಹೊಸ ಆಸೆಯಲ್ಲ. 1899ರಲ್ಲಿ ವಿಯೆನ್ನಾ ನಗರದ ರಾಬರ್ಟ್ ಗೆರ್ಸುನಿ ಎಂಬ ಶಸ್ತ್ರವೈದ್ಯರು ದೇಹದ ತಗ್ಗುಗಳಿಗೆ ಕರಗಿಸಿದ ಪ್ಯಾರಾಫಿನ್ ಚುಚ್ಚುವ ಪದ್ಧತಿಯನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಯುರೋಪಿನ ಶ್ರೀಮಂತರ ಮುಖಗಳಿಗೂ ಏರಿತು. ನಂತರ ಆ ಮೇಣ ಜಾರಿತು, ಗಂಟುಗಟ್ಟಿತು, ಹುಣ್ಣಾಯಿತು, ಮುಖಗಳು ವಿಕಾರಗೊಂಡವು. 1981ರಲ್ಲಿ ದನದ ಚರ್ಮದಿಂದ ತೆಗೆದ ಕೊಲಾಜನ್‌ಗೆ ಅಮೆರಿಕದ ಔಷಧ ಇಲಾಖೆ ಅನುಮತಿ ನೀಡಿತು. ಕೆಲವರಿಗೆ ಅದು ಅಲರ್ಜಿಯಾಗುತ್ತಿದ್ದುದರಿಂದ ಮೊದಲು ಕೈಗೆ ಚುಚ್ಚಿ ಪರೀಕ್ಷಿಸಬೇಕಾಗಿತ್ತು.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಹಯಲುರಾನಿಕ್ ಆಸಿಡ್. ಆಸಿಡ್ ಎಂದಾಕ್ಷಣ ಹೆದರಬೇಕಿಲ್ಲ. ಇದು ನಮ್ಮ ದೇಹದಲ್ಲೇ ಇರುವ, ನೀರನ್ನು ಹಿಡಿದಿಟ್ಟುಕೊಳ್ಳುವ ಲೋಳೆಯಂತಹ ಪದಾರ್ಥ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು 1934ರಲ್ಲಿ ದನದ ಕಣ್ಣಿನೊಳಗಿನ ದ್ರವದಿಂದ ಇದನ್ನು ಬೇರ್ಪಡಿಸಿದರು. ವಯಸ್ಕ ಮನುಷ್ಯನ ದೇಹದಲ್ಲಿ ಇದು ಸುಮಾರು 15 ಗ್ರಾಮ್‌ನಷ್ಟಿರುತ್ತದೆ. ಅದರ ಮೂರನೇ ಒಂದು ಪಾಲು ಪ್ರತಿದಿನ ಕರಗಿ ಹೊಸದಾಗಿ ಹುಟ್ಟುತ್ತದೆ. ಸುಬ್‌ಹಾನಲ್ಲಾಹ್! ನಾವು ನಿದ್ರಿಸುತ್ತಿರುವಾಗಲೂ ಈ ಕೆಲಸ ನಡೆಯುತ್ತಿರುತ್ತದೆ, ಅದಕ್ಕೆ ಯಾರೂ ಬಿಲ್ಲು ಕಳುಹಿಸುವುದಿಲ್ಲ. ಹಿಂದೆ ಕಂಪೆನಿಗಳು ಇದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದವು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವುಗಳಿಂದ ಪಡೆದು ಶುದ್ಧೀಕರಿಸುತ್ತಾರೆ. ಹಾಗೆಯೇ ಚುಚ್ಚಿದರೆ ದಿನಗಳಲ್ಲಿ ಕರಗಿ ಹೋಗುವುದರಿಂದ ಅದರ ಎಳೆಗಳನ್ನು ರಾಸಾಯನಿಕದಿಂದ ಬೆಸೆದು ಗಟ್ಟಿ ಮಾಡುತ್ತಾರೆ. ಆಗ ಅದು ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ ಎನ್ನುತ್ತಾರೆ. ಕೆಲವರಲ್ಲಿ ಅದಕ್ಕಿಂತ ಎಷ್ಟೋ ವರ್ಷ ಉಳಿದಿರುವುದು ಎಂಆರ್‌ಐ ಚಿತ್ರಗಳಲ್ಲಿ ಕಂಡುಬಂದಿದೆ.

ಎರಡನೆಯದು ರಕ್ತ. ಡೆಂಗ್ಯೂ ಜ್ವರ ಬಂದ ಮನೆಯವರಿಗೆ ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂಬ ಮಾತು ಚೆನ್ನಾಗಿ ಗೊತ್ತು. ಆರೋಗ್ಯವಂತನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳಿರುತ್ತವೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಇವೇ. ಅಷ್ಟೇ ಅಲ್ಲ, ಇವುಗಳ ಒಡಲಲ್ಲಿ ಹೊಸ ಜೀವಕೋಶಗಳನ್ನೂ ಹೊಸ ರಕ್ತನಾಳಗಳನ್ನೂ ಬೆಳೆಯಲು ಕರೆಯುವ ಪ್ರೋಟೀನುಗಳಿವೆ. ಅವನ್ನು ಬೆಳವಣಿಗೆಯ ಅಂಶಗಳೆನ್ನುತ್ತಾರೆ. ಇಂತಹ ಅಂಶಗಳನ್ನು ಮೊದಲಿಗೆ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಹುಮಾನ ಸಂದಿತು. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಭಾರವಾದ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಮೇಲೆ ಉಳಿದ ಹಳದಿ ದ್ರವದಿಂದ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಪಾಲನ್ನು ಬೇರ್ಪಡಿಸುತ್ತಾರೆ. ಇದಕ್ಕೆ ಪಿಆರ್‌ಪಿ ಎಂದು ಹೆಸರು. 1998ರಲ್ಲಿ ರಾಬರ್ಟ್ ಮಾರ್ಕ್ಸ್ ಮತ್ತು ಅವರ ಸಹೋದ್ಯೋಗಿಗಳು ದವಡೆಯ ಮೂಳೆ ಕಸಿಯಲ್ಲಿ ಇದನ್ನು ಬಳಸಿದ ಫಲಿತಾಂಶವನ್ನು ಪ್ರಕಟಿಸಿದ ನಂತರ ಇದು ಪ್ರಸಿದ್ಧಿಗೆ ಬಂತು. ಮೂಳೆ, ಕೀಲು, ಮಾಸದ ಗಾಯ, ಉದುರಿದ ಕೂದಲು ಇವಕ್ಕೆಲ್ಲ ವೈದ್ಯರು ಇದನ್ನು ಪ್ರಯೋಗಿಸಿದರು. ಕೊನೆಗೆ ಅದು ಮುಖದ ಸುಕ್ಕಿಗೆ ಬಂತು.

ಇವೆರಡನ್ನೂ ಜೋಡಿಸುವುದರ ಹಿಂದಿನ ತರ್ಕ ಸರಳ. ಫಿಲ್ಲರ್ ತಗ್ಗನ್ನು ಕೂಡಲೇ ತುಂಬುತ್ತದೆ, ಆದರೆ ಚರ್ಮವನ್ನು ಹೊಸತು ಮಾಡುವುದಿಲ್ಲ. ಪಿಆರ್‌ಪಿ ಚರ್ಮವನ್ನು ಚೇತರಿಸಬಹುದು, ಆದರೆ ತಗ್ಗನ್ನು ತುಂಬುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಚಾರ್ಲ್ಸ್ ರನಲ್ಸ್ ಎಂಬ ವೈದ್ಯರು ಈ ಜೋಡಿಗೆ ‘ವ್ಯಾಂಪೈರ್ ಫೇಸ್‌ಲಿಫ್ಟ್’ ಎಂದು ಹೆಸರಿಟ್ಟು ಆ ಹೆಸರನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿದರು. ವ್ಯಾಂಪೈರ್ ಎಂದರೆ ರಕ್ತಪಿಶಾಚಿ. (ಚಿಕಿತ್ಸೆಗೆ ಪಿಶಾಚಿಯ ಹೆಸರಿಟ್ಟರೆ ಜನ ಓಡಬೇಕಿತ್ತು. ಕಾಲ ಎಂತಹುದೆಂದರೆ ಸಾಲುಗಟ್ಟಿ ಬಂದರು.) 2013ರಲ್ಲಿ ಕಿಮ್ ಕಾರ್ಡಾಶಿಯನ್ ಎಂಬ ಟಿವಿ ತಾರೆ ಇದೇ ಬಗೆಯ ಇನ್ನೊಂದು ಚಿಕಿತ್ಸೆಯ ವೇಳೆ ರಕ್ತಸಿಕ್ತವಾದ ತನ್ನ ಮುಖದ ಚಿತ್ರವನ್ನು ಪ್ರಪಂಚಕ್ಕೆ ತೋರಿಸಿದಳು. ಇಂದು ಬೆಂಗಳೂರು, ಮಂಗಳೂರಿನ ಚರ್ಮರೋಗ ಚಿಕಿತ್ಸಾಲಯಗಳಲ್ಲೂ ಪಿಆರ್‌ಪಿ, ಫಿಲ್ಲರ್ ಎರಡೂ ದೊರೆಯುತ್ತವೆ.

ಇದರಿಂದ ಪ್ರಯೋಜನವಿದೆಯೇ? ಫಿಲ್ಲರ್ ತುಂಬುತ್ತದೆಂಬುದು ಕಣ್ಣಿಗೆ ಕಾಣುವ ಸತ್ಯ. ಪಿಆರ್‌ಪಿಯ ಮಾತು ಬೇರೆ. ಚರ್ಮದ ನುಣುಪು ಹೆಚ್ಚಿತೆಂದು ಕೆಲವು ಪರೀಕ್ಷೆಗಳು ಹೇಳಿದರೆ, ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲವೆಂದು ಬೇರೆ ಪರೀಕ್ಷೆಗಳು ಹೇಳುತ್ತವೆ. ಹೆಚ್ಚಿನವು ಕಡಿಮೆ ಜನರ ಮೇಲೆ ನಡೆದವು. ಒಬ್ಬೊಬ್ಬ ವೈದ್ಯರು ಒಂದೊಂದು ವೇಗದಲ್ಲಿ, ಒಂದೊಂದು ರೀತಿಯ ಕೊಳವೆಯಲ್ಲಿ ತಯಾರಿಸುವುದರಿಂದ ಒಬ್ಬರ ಪಿಆರ್‌ಪಿ ಇನ್ನೊಬ್ಬರದರಂತೆ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಚುಚ್ಚಿದಾಗ ಯಾವುದರಿಂದ ಎಷ್ಟು ಲಾಭವಾಯಿತೆಂದು ಬಿಡಿಸಿ ಹೇಳುವುದು ಇನ್ನೂ ಕಷ್ಟ. ಜಾಹೀರಾತುಗಳಲ್ಲಿ ಈ ಮಾತು ಇರುವುದಿಲ್ಲ.

ಇನ್ನು ‘ನನ್ನದೇ ರಕ್ತ’ ಎಂಬ ವಾದಕ್ಕೆ ಬರೋಣ. ದೇಹದೊಳಗೆ ಹರಿಯುತ್ತಿರುವ ರಕ್ತದ ಬಗ್ಗೆ ಯಾವ ಪ್ರಶ್ನೆಯೂ ಇಲ್ಲ. ಹೊರಗೆ ಹರಿದ ರಕ್ತ ನಿಷಿದ್ಧವೆಂದು ಕುರ್‌ಆನ್ ಹೇಳಿದೆ (ಅಲ್ ಅನ್‌ಆಮ್: 145). ಅದು ನಜಸ್ ಎಂಬುದರಲ್ಲಿ ನಾಲ್ಕು ಮದ್‌ಹಬ್‌ಗಳೂ ಒಂದಾಗಿವೆ. ಅದು ನನ್ನದೋ ಪರರದೋ ಎಂಬ ಭೇದ ಅಲ್ಲಿಲ್ಲ. ಪ್ರವಾದಿವರ್ಯರು(ಸ) ಹಿಜಾಮ ಮಾಡಿಸಿಕೊಂಡಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಹಿಜಾಮದಲ್ಲಿ ರಕ್ತ ಹೊರಗೆ ಹೋಗುತ್ತದೆ, ಮರಳಿ ಒಳಗೆ ಬರುವುದಿಲ್ಲ. ಹೊರ ಬಂದ ರಕ್ತವನ್ನು ಒಳಗೆ ಸೇರಿಸುವುದಕ್ಕೆ ಹತ್ತಿರದ ದೃಷ್ಟಾಂತವೆಂದರೆ ರಕ್ತದಾನ. ಅಪಘಾತವಾದವನಿಗೆ, ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ರಕ್ತ ಕೊಡುವುದನ್ನು ಈ ಕಾಲದ ವಿದ್ವಾಂಸರು ಅನುಮತಿಸಿದ್ದಾರೆ. ಆದರೆ ಅದು ರಕ್ತ ಶುದ್ಧವೆಂಬ ಕಾರಣಕ್ಕಲ್ಲ, ಅನಿವಾರ್ಯತೆಯ ಕಾರಣಕ್ಕೆ. ಅನಿವಾರ್ಯತೆ ಎಂಬ ಬಾಗಿಲು ಅದರ ಅಳತೆಯಷ್ಟೇ ತೆರೆಯುತ್ತದೆ. ಜೀವ ಉಳಿಸಲು ತೆರೆದ ಬಾಗಿಲಿನಿಂದ ಕೆನ್ನೆಯ ಗೆರೆಯನ್ನೂ ಒಳಗೆ ನುಗ್ಗಿಸಲಾಗದು.

ಪಿಆರ್‌ಪಿಯಲ್ಲಿ ಕೆಂಪು ಕಣಗಳನ್ನು ತೆಗೆದಿರುತ್ತಾರೆ, ಉಳಿದ ಹಳದಿ ದ್ರವವನ್ನು ರಕ್ತವೆನ್ನಬಹುದೇ ಎಂಬುದೂ ಒಂದು ಪ್ರಶ್ನೆಯೇ. ಅದು ರಕ್ತದ ಭಾಗವೇ, ಆದ್ದರಿಂದ ವಿಧಿಯೂ ಅದೇ ಎಂದು ಹಲವರು ಹೇಳುತ್ತಾರೆ. ಗುಣ ಬದಲಾಗಿದೆ ಎನ್ನುವವರೂ ಇದ್ದಾರೆ. ನಮ್ಮ ಕರ್ಮಶಾಸ್ತ್ರ ಗ್ರಂಥಗಳಲ್ಲಿ ಹಚ್ಚೆಯ ಚರ್ಚೆ ಬರುವಾಗ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಬಣ್ಣದೊಡನೆ ಸೇರಿ ಗಟ್ಟಿಯಾಗುವುದರಿಂದ ಆ ಸ್ಥಳ ನಜಸ್ ಆಗುತ್ತದೆಂದು ಇಮಾಮ್ ನವವೀ ಅವರಂತಹ ಶಾಫಿಈ ವಿದ್ವಾಂಸರು ಬರೆದಿದ್ದಾರೆ. ರಕ್ತದ ವಿಷಯದಲ್ಲಿ ಅವರು ಎಷ್ಟು ಎಚ್ಚರಿಕೆಯಿಂದಿದ್ದರೆಂಬುದಕ್ಕೆ ಇದನ್ನು ಹೇಳಿದೆ. ರೋಗಕ್ಕೆ ಔಷಧವಾಗಿ, ಮಾಸದ ಹುಣ್ಣಿಗೆ, ಸವೆದ ಮೊಣಕಾಲಿಗೆ ಪಿಆರ್‌ಪಿ ಬೇಕೆಂದು ನಂಬಿಕಸ್ಥ ವೈದ್ಯರು ಹೇಳಿದರೆ ಅನುಮತಿಯ ಕಡೆಗೆ ಒಲಿಯಲು ಕಾರಣವಿದೆ. ಸೊಬಗಿಗಾಗಿ ಎಂದಾಗ ಆ ಕಾರಣ ಇಲ್ಲವಾಗುತ್ತದೆ.

ಆದರೆ ನಿಜವಾದ ಪ್ರಶ್ನೆ ನಜಸಿನದಲ್ಲ. ನಾಳೆ ರಕ್ತವೇ ಇಲ್ಲದೆ ಪ್ರಯೋಗಾಲಯದಲ್ಲಿ ತಯಾರಿಸಿದ ಶುದ್ಧ ಬೆಳವಣಿಗೆಯ ಅಂಶ ಮನೆ ಮನೆಗೆ ಬಂದರೆ ಈ ಚರ್ಚೆಯ ಅರ್ಧ ಭಾಗ ತಾನಾಗಿ ಮುಗಿಯುತ್ತದೆ. ಉಳಿಯುವುದು ‘ನನ್ನದೇ ಮುಖ’ ಎಂಬ ಮಾತು.

ಶರೀರ ನಮ್ಮದೆಂದು ನಾವು ಹೇಳುತ್ತೇವೆ. ಯಾವ ಅರ್ಥದಲ್ಲಿ? ನಮ್ಮ ಹಸುವನ್ನು ನಾವು ಮಾರಬಹುದು, ನಮ್ಮ ಮನೆಯನ್ನು ಕೆಡವಬಹುದು. ಜೀವವನ್ನು ನಾವು ಕೊನೆಗೊಳಿಸುವಂತಿಲ್ಲ. ರಕ್ತದ ಬೆಲೆಯನ್ನು ಪಡೆಯುವುದನ್ನು ಪ್ರವಾದಿ(ಸ) ತಡೆದಿದ್ದಾರೆ (ಬುಖಾರಿ). ಮಾರಲಾಗದ, ನಾಶಪಡಿಸಲಾಗದ ವಸ್ತುವಿಗೆ ನಾವು ಮಾಲಿಕರಲ್ಲ, ಅದನ್ನು ನೋಡಿಕೊಳ್ಳುವವರು. ಅದಕ್ಕೆ ಅಮಾನತು ಎಂದು ಹೆಸರು. ಅಮಾನತನ್ನು ಸ್ವಚ್ಛವಾಗಿಡಬಹುದು, ಒಡೆದರೆ ರಿಪೇರಿ ಮಾಡಬಹುದು, ಮಾಡಲೇಬೇಕು. ಒಡೆಯನು ಕೊಟ್ಟ ಆಕಾರ ನನಗೆ ಒಪ್ಪಿಗೆಯಿಲ್ಲವೆಂದು ಬದಲಿಸುವ ಹಕ್ಕು ಬೇರೆ.

ಸೈತಾನನು ಮನುಷ್ಯರನ್ನು ದಾರಿಗೆಡಿಸುವ ಶಪಥಗೈಯುವಾಗ, ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಅವರಿಗೆ ಆದೇಶಿಸುವೆನೆಂದು ಹೇಳಿದ್ದನ್ನು ಕುರ್‌ಆನ್ ನಮಗೆ ತಿಳಿಸಿದೆ (ಅನ್ನಿಸಾ: 119). ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ, ಹುಬ್ಬಿನ ಕೂದಲು ಕೀಳಿಸುವವರನ್ನೂ, ಚೆಲುವಿಗಾಗಿ ಹಲ್ಲುಗಳ ನಡುವೆ ಅರ ಹಾಕಿಸಿ ಸಂದು ಮಾಡಿಸುವವರನ್ನೂ ಅಲ್ಲಾಹನು ಶಪಿಸಿದ್ದಾನೆಂದು ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಆ ಕಾಲದಲ್ಲಿ ಹಲ್ಲಿನ ಸಂದು ಎಳೆಯ ವಯಸ್ಸಿನ ಲಕ್ಷಣವಾಗಿತ್ತು. ವಯಸ್ಸಾದ ಹೆಂಗಸರು ಚಿಕ್ಕವರಂತೆ ಕಾಣಲು ಅರ ಹಾಕಿಸುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹದಿನಾಲ್ಕು ಶತಮಾನಗಳ ಹಿಂದಿನ ಅರ ಇಂದು ಸೂಜಿಯಾಗಿದೆ, ಆಸೆ ಅದೇ ಇದೆ. ಈ ಹದೀಸ್ ಕೇಳಿ ಉಮ್ಮು ಯಅ್‌ಖೂಬ್ ಎಂಬ ಮಹಿಳೆ ನೇರವಾಗಿ ಇಬ್ನು ಮಸ್‌ಊದರ ಬಳಿಗೆ ಹೋಗಿ, ನಾನು ಕುರ್‌ಆನನ್ನು ಪೂರ್ತಿ ಓದಿದ್ದೇನೆ, ನೀವು ಹೇಳುವುದು ಅದರಲ್ಲೆಲ್ಲೂ ಕಾಣಲಿಲ್ಲ ಎಂದು ವಾದಿಸಿದರು. ಅವರು ಸಿಡುಕಲಿಲ್ಲ, ಪುರಾವೆ ನೀಡಿ ಉತ್ತರಿಸಿದರು. ಹೆಂಗಸರ ಪ್ರಶ್ನೆಗಳನ್ನು ಒಂದೇ ಮಾತಿನಲ್ಲಿ ಮುಚ್ಚಿಬಿಡುವ ನಮ್ಮಂತಹ ಉಸ್ತಾದರು ಇದನ್ನು ಗಮನಿಸಬೇಕು.

ಆ ಹದೀಸಿನ ‘ಚೆಲುವಿಗಾಗಿ’ ಎಂಬ ಪದವೇ ಇಲ್ಲಿಯ ಕೀಲಿ. ನಿಷಿದ್ಧವಾದುದು ಚೆಲುವು ಬಯಸಿ ಮಾಡಿದ್ದು. ಚಿಕಿತ್ಸೆಗಾಗಿಯೋ ಹಲ್ಲಿನ ದೋಷ ಸರಿಪಡಿಸಲೋ ಮಾಡಿದರೆ ಅಡ್ಡಿಯಿಲ್ಲ ಎಂದು ಇಮಾಮ್ ನವವೀ ಆ ಪದದಿಂದಲೇ ವಿಧಿ ಹೊರಡಿಸಿದ್ದಾರೆ. ಅರ್ಫಜ ಬಿನ್ ಅಸ್ಅದ್(ರ) ಎಂಬ ಸಹಾಬಿ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿಕೊಂಡರೆ ಅದು ದುರ್ವಾಸನೆ ಬೀರಿತು. ಆಗ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ಹೇಳಿದರು (ಅಬೂದಾವೂದ್, ತಿರ್ಮಿದಿ). ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ! ಮುಖದ ಊನ ಒಬ್ಬ ಮನುಷ್ಯನಿಗೆ ಎಷ್ಟು ನೋವು ಕೊಡುತ್ತದೆಂಬುದನ್ನು ಶರೀಅತ್ ಬಲ್ಲದು.

ಆದ್ದರಿಂದ ಆಸಿಡ್ ದಾಳಿಗೆ ತುತ್ತಾದ ಸಹೋದರಿಗೆ, ಅಪಘಾತದಲ್ಲಿ ಕೆನ್ನೆ ಒಡೆದವನಿಗೆ, ಸುಟ್ಟ ಗಾಯದ ಕಲೆ ಉಳಿದ ಮಗುವಿಗೆ ಈ ಚಿಕಿತ್ಸೆ ಸಿಗಬೇಕು. ಅದರ ಖರ್ಚಿಗೆ ಊರಿನ ಜಮಾಅತ್‌ಗಳು ಕೈಜೋಡಿಸಿದರೂ ತಪ್ಪಲ್ಲ. ಮೊಡವೆ ಬಂದು ಹೋದ ಮೇಲೆ ಮುಖದ ತುಂಬ ಆಳವಾದ ಗುಳಿಗಳು ಉಳಿದವರಿದ್ದಾರೆ. ಪಿಆರ್‌ಪಿ ಮತ್ತು ಫಿಲ್ಲರ್ ಅಂತಹ ಗುಳಿಗಳಿಗೂ ಬಳಕೆಯಾಗುತ್ತವೆ. ಅದು ಕಾಯಿಲೆ ಬಿಟ್ಟುಹೋದ ಗುರುತು. ಎಚ್‌ಐವಿ ರೋಗಿಗಳಲ್ಲಿ ಮುಖದ ಕೊಬ್ಬು ಕರಗಿ ಕೆನ್ನೆ ಗುಳಿಬೀಳುವುದುಂಟು. ಅದಕ್ಕೆಂದೇ ಒಂದು ಫಿಲ್ಲರ್‌ಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಮುಖ ನೋಡಿದೊಡನೆ ರೋಗ ಊಹಿಸುವ ಸಮಾಜದಲ್ಲಿ ಅದು ಶೋಕಿಯಲ್ಲ.

ಮುಸ್ಲಿಮ್ ರಾಷ್ಟ್ರಗಳ ಒಕ್ಕೂಟದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 2007ರ ಜುಲೈಯಲ್ಲಿ ಮಲೇಶ್ಯಾದ ಪುತ್ರಜಾಯದಲ್ಲಿ ಸೇರಿದಾಗ ಇದೇ ವಿಷಯವನ್ನು ಚರ್ಚಿಸಿತು. ಹುಟ್ಟಿನಿಂದ ಬಂದ ಅಥವಾ ನಂತರ ಉಂಟಾದ ಊನವನ್ನು ಸರಿಪಡಿಸಲು ಅದು ಅನುಮತಿ ನೀಡಿತು. ಶಸ್ತ್ರಕ್ರಿಯೆ ಅಥವಾ ಚುಚ್ಚುಮದ್ದಿನಿಂದ ಸುಕ್ಕು ನಿವಾರಿಸುವುದು ಸಮ್ಮತವಲ್ಲ, ಅದು ರೋಗದ ಸ್ಥಿತಿಯಾಗಿದ್ದು ಅಪಾಯದ ಭಯವಿಲ್ಲದಿದ್ದರೆ ಮಾತ್ರ ಆಗಬಹುದು ಎಂದು ನಿರ್ಣಯಿಸಿತು.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಸೃಷ್ಟಿಯನ್ನು ಬದಲಿಸುವ ನಿಷೇಧ ಶಾಶ್ವತವಾಗಿ ಉಳಿಯುವಂತಹುದಕ್ಕೆ ಮಾತ್ರ ಅನ್ವಯಿಸುತ್ತದೆ, ಸುರುಮದಂತೆ ಅಳಿದುಹೋಗುವುದಕ್ಕಲ್ಲ ಎಂಬ ಅಭಿಪ್ರಾಯವನ್ನು ಇಮಾಮ್ ಖುರ್ತುಬೀ ತಮ್ಮ ತಫ್ಸೀರಿನಲ್ಲಿ ದಾಖಲಿಸಿದ್ದಾರೆ. ಫಿಲ್ಲರ್ ಕರಗಿ ಹೋಗುತ್ತದಲ್ಲ, ಅದು ಒಂದೂವರೆ ವರ್ಷದ ಸುರುಮವೇಕಾಗಬಾರದು? ಇಂದಿನ ಕೆಲವು ವಿದ್ವಾಂಸರು ಈ ದಾರಿಯಲ್ಲಿ ಅನುಮತಿಯ ಕಡೆಗೆ ವಾಲಿದ್ದಾರೆ. ಅವರನ್ನು ಹಗುರವಾಗಿ ಕಾಣುವ ಯೋಗ್ಯತೆ ನನಗಿಲ್ಲ. ಆದರೂ ನನ್ನ ಮನಸ್ಸು ಇದನ್ನು ಒಪ್ಪುತ್ತಿಲ್ಲ. ಸುರುಮ ಚರ್ಮದ ಮೇಲಿರುತ್ತದೆ, ನೋಡಿದವರಿಗೆ ಅದು ಸುರುಮವೆಂದು ಗೊತ್ತಾಗುತ್ತದೆ. ಫಿಲ್ಲರ್ ಒಳಗೆ ಹೋಗಿ ಮುಖದ ಆಕಾರವನ್ನೇ ಬೇರೆ ಮಾಡುತ್ತದೆ, ಅದು ಯಾರಿಗೂ ತಿಳಿಯದಿರುವುದೇ ಅದರ ಯಶಸ್ಸು. ಕರಗುವುದೆಂಬುದು ಹೆಸರಿಗೆ ಮಾತ್ರ. ಕರಗುತ್ತಿದ್ದಂತೆ ಮತ್ತೆ ಹೋಗಿ ತುಂಬಿಸುತ್ತಾರೆ. ಹತ್ತು ವರ್ಷ ಬಿಡದೆ ನವೀಕರಿಸಿದ್ದನ್ನು ತಾತ್ಕಾಲಿಕವೆನ್ನಲಾದೀತೇ?

ಕೂದಲಿಗೆ ಬಣ್ಣ ಹಚ್ಚಬಹುದಾದರೆ ಸುಕ್ಕು ಏಕೆ ತುಂಬಬಾರದು ಎಂಬ ಪ್ರಶ್ನೆಯೂ ಇದರ ತಮ್ಮನೇ. ಮಕ್ಕಾ ವಿಜಯದ ದಿನ ಅಬೂಬಕರ್(ರ) ಅವರ ತಂದೆ ಅಬೂ ಖುಹಾಫರನ್ನು ಕರೆತಂದಾಗ ಅವರ ತಲೆ, ಗಡ್ಡ ಬಿಳಿಯ ಹೂವಿನಂತಿತ್ತು. ಅದನ್ನು ಬಣ್ಣದಿಂದ ಬದಲಿಸಿರಿ, ಕಪ್ಪನ್ನು ಮಾತ್ರ ಬಿಡಿ ಎಂಬ ಸೂಚನೆ ಬಂತು (ಮುಸ್ಲಿಮ್). ಇಲ್ಲಿಯ ಸೂಕ್ಷ್ಮವನ್ನು ನೋಡಬೇಕು. ಮದರಂಗಿಯ ಕೆಂಪು ಮುದುಕನನ್ನು ಅಂದಗೊಳಿಸುತ್ತದೆ, ಅವನು ಮುದುಕನಲ್ಲವೆಂದು ಹೇಳುವುದಿಲ್ಲ. ಕಪ್ಪು ಹಾಗೆ ಹೇಳುತ್ತದೆ. ವೃದ್ಧಾಪ್ಯಕ್ಕೆ ಅಲಂಕಾರವಿದೆ, ಅದನ್ನು ಮರೆಮಾಚುವ ವೇಷ ಬೇಡ.

ವೃದ್ಧಾಪ್ಯ ರೋಗವೇ ಎಂಬುದು ಈ ಚರ್ಚೆಯ ತಳದಲ್ಲಿರುವ ತಾತ್ವಿಕ ಪ್ರಶ್ನೆ. ಚಿಕಿತ್ಸಾಲಯಗಳು ಅದನ್ನು ರೋಗವೆಂದೇ ಕರೆಯಲು ಬಯಸುತ್ತವೆ. ರೋಗವೆಂದರೆ ತಾನೇ ಚಿಕಿತ್ಸೆ? ಉಸಾಮ ಬಿನ್ ಶರೀಕ್(ರ) ವರದಿ ಮಾಡಿದ ಹದೀಸಿನಲ್ಲಿ ಪ್ರವಾದಿ(ಸ) ಚಿಕಿತ್ಸೆ ಪಡೆಯಿರೆಂದು ಆಜ್ಞಾಪಿಸುತ್ತಾರೆ. ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಔಷಧವಿದೆ, ಒಂದನ್ನು ಬಿಟ್ಟು ಎನ್ನುತ್ತಾರೆ. ಆ ಒಂದು ಮುಪ್ಪು (ಅಬೂದಾವೂದ್, ತಿರ್ಮಿದಿ). ಔಷಧ ಹುಡುಕುವುದನ್ನು ಪ್ರೋತ್ಸಾಹಿಸಿದ ಬಾಯಿಯೇ ಹುಡುಕಾಟದ ಗಡಿಯನ್ನೂ ಹೇಳಿದೆ. ದುರ್ಬಲತೆಯಿಂದ ಸೃಷ್ಟಿ, ಬಳಿಕ ಬಲ, ಬಲದ ಬಳಿಕ ಮತ್ತೆ ದುರ್ಬಲತೆ ಮತ್ತು ನರೆ ಎಂದು ಮನುಷ್ಯನ ಬದುಕಿನ ನಕ್ಷೆಯನ್ನು ಕುರ್‌ಆನ್ ಬರೆದಿದೆ (ಅರ್ರೂಮ್: 54). ನಕ್ಷೆಯ ಮೂರನೆಯ ಹಂತ ತಪ್ಪು ಮುದ್ರಣವಲ್ಲ. ಝಕರಿಯ್ಯಾ(ಅ) ತಮ್ಮ ಮೂಳೆಗಳು ಸವೆದುದನ್ನೂ ತಲೆ ನರೆತುದನ್ನೂ ಅಲ್ಲಾಹನ ಮುಂದೆ ಹೇಳಿಕೊಂಡರು (ಮರ್ಯಮ್: 4). ದೂರಾಗಿ ಅಲ್ಲ, ಪ್ರಾರ್ಥನೆಯ ಪೀಠಿಕೆಯಾಗಿ. ಅವರು ಬೇಡಿದ್ದು ಯೌವನವನ್ನಲ್ಲ, ತಮ್ಮ ನಂತರ ಸತ್ಯವನ್ನು ಹೊರುವ ಸಂತಾನವನ್ನು.

ಅಪಾಯದ ಬಗ್ಗೆ ಎರಡು ಮಾತು. ಮುಖದಲ್ಲಿ ರಕ್ತನಾಳಗಳ ದಟ್ಟವಾದ ಜಾಲವಿದ್ದು, ಕೆಲವು ಕಣ್ಣಿನ ನಾಳಗಳಿಗೆ ಸೇರಿಕೊಂಡಿವೆ. ತಪ್ಪಿ ಫಿಲ್ಲರ್ ನಾಳದೊಳಗೆ ಹೋದರೆ ಚರ್ಮ ಸಾಯಬಹುದು, ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಬಡಿಯಬಹುದು. ಅಮೆರಿಕದ ಔಷಧ ಇಲಾಖೆ 2015ರಲ್ಲೇ ಈ ಎಚ್ಚರಿಕೆ ನೀಡಿತ್ತು. ಇಂತಹ ಘಟನೆ ಅಪರೂಪ, ಆದರೆ ಹೋದ ಕಣ್ಣು ಸಾಮಾನ್ಯವಾಗಿ ಮರಳುವುದಿಲ್ಲ. ಅದೇ ದೇಶದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಪರವಾನಗಿಯಿಲ್ಲದ ಒಂದು ಸೌಂದರ್ಯ ಕೇಂದ್ರವನ್ನು 2018ರಲ್ಲಿ ಮುಚ್ಚಲಾಯಿತು. ಅಲ್ಲಿ ತಮ್ಮದೇ ರಕ್ತದಿಂದ ಮುಖದ ಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗಲಿದ್ದನ್ನು ಅಲ್ಲಿಯ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು. ಹೆಸರಿಲ್ಲದ ರಕ್ತದ ಕೊಳವೆಗಳು ಆಹಾರದ ಜೊತೆ ಫ್ರಿಜ್ಜಿನಲ್ಲಿದ್ದವು, ಒಮ್ಮೆ ಮಾತ್ರ ಬಳಸಬೇಕಾದ ಸಲಕರಣೆಗಳನ್ನು ಮತ್ತೆ ಬಳಸಲಾಗಿತ್ತು. ‘ನನ್ನದೇ ರಕ್ತ’ ಎಂಬ ಭರವಸೆ ಕೊಳವೆಯ ಮೇಲಿನ ಒಂದು ಚೀಟಿಯನ್ನು ಅವಲಂಬಿಸಿದೆ! ಕಾಯಿಲೆಯವನು ಅಪಾಯವನ್ನು ಹೊರುವುದಕ್ಕೆ ಅರ್ಥವಿದೆ. ಆರೋಗ್ಯವಾಗಿರುವ ಮುಖವನ್ನು ಏಕೆ ಈ ಅಪಾಯಕ್ಕೆ ಒಡ್ಡಬೇಕು?

ಇಷ್ಟೆಲ್ಲ ಬರೆದ ಮೇಲೂ, ಚೀಟಿ ಬರೆದ ಸಹೋದರಿಯರ ಮೇಲೆ ಎಲ್ಲ ಹೊರೆಯನ್ನೂ ಹೊರಿಸಿ ಎದ್ದು ಹೋಗಲು ನನಗೆ ಮನಸ್ಸಿಲ್ಲ. ತನ್ನ ಮುಖವನ್ನು ದ್ವೇಷಿಸಲು ಯಾವ ಹೆಣ್ಣೂ ತಾಯಿಯ ಹೊಟ್ಟೆಯಲ್ಲಿ ಕಲಿತು ಬರುವುದಿಲ್ಲ, ಹೊರಗೆ ಯಾರೋ ಕಲಿಸುತ್ತಾರೆ. ಮೂರು ಮಕ್ಕಳನ್ನು ಹೆತ್ತು, ರಾತ್ರಿ ನಿದ್ದೆಗೆಟ್ಟು ಸಾಕಿದವಳಿಗೆ ‘ನೀನು ಈಗ ಮೊದಲಿನಂತಿಲ್ಲ’ ಎನ್ನುವ ಗಂಡ ಮೊದಲ ಗುರು. ಹೆಣ್ಣು ನೋಡಲು ಬಂದು ಬಣ್ಣ, ಮೂಗು, ಮೈಕಟ್ಟನ್ನು ದನದ ಸಂತೆಯಲ್ಲಿ ನೋಡಿದಂತೆ ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಹೋಗುವ ಬಂಧುಗಳು ಎರಡನೆಯವರು. ಕೈಯಲ್ಲಿರುವ ಮೊಬೈಲು ಮೂರನೆಯದು. ಅದು ಸ್ವಂತ ಮುಖವನ್ನೇ ನಯಗೊಳಿಸಿ ತೋರಿಸಿ, ನಿಜವಾದ ಮುಖ ನೋಡಿದಾಗ ನಿರಾಸೆಯಾಗುವಂತೆ ಮಾಡುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿಯರೂ ಈ ಚಿಕಿತ್ಸೆಯ ಬಗ್ಗೆ ಕೇಳುತ್ತಿದ್ದಾರೆಂದರೆ ಅದು ಸುಕ್ಕಿನ ಸಮಸ್ಯೆಯಲ್ಲ. ಮದುವೆಯಾಗುವ ಮೊದಲು ಮುಖ ತುಂಬಿಸಿ ವರನ ಕಡೆಯವರಿಗೆ ತೋರಿಸಿದರೆ ಅದು ವಂಚನೆಯಲ್ಲವೇ ಎಂದು ಹುಡುಗರ ಕಡೆಯವರು ಕೇಳುತ್ತಾರೆ. ಹೌದು, ವಂಚನೆಯೇ. ಧಾನ್ಯದ ರಾಶಿಯ ಒಳಗೆ ಕೈ ಹಾಕಿ, ಒದ್ದೆಯನ್ನು ಅಡಿಯಲ್ಲಿ ಬಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿ(ಸ) ಎಚ್ಚರಿಸಿದ ಹದೀಸ್ ಇದಕ್ಕೂ ಅನ್ವಯಿಸುತ್ತದೆ. ಆದರೆ ಹೆಣ್ಣನ್ನು ಧಾನ್ಯದ ರಾಶಿಯಾಗಿ ಮಾಡಿದವರು ಯಾರು?

ಕಾಯಿಲೆಯಿಂದ ಕೂದಲು ಉದುರಿದ ಮಗಳಿಗೆ ಮದುವೆ ನಿಶ್ಚಯವಾಗಿದೆ, ಬೇರೆ ಕೂದಲು ಜೋಡಿಸಲೇ ಎಂದು ಒಬ್ಬ ತಾಯಿ ಕೇಳಿದಾಗ ಪ್ರವಾದಿ(ಸ) ಬೇಡವೆಂದರು (ಬುಖಾರಿ, ಮುಸ್ಲಿಮ್). ಮೊದಲ ಸಲ ಓದುವವರಿಗೆ ಇದು ಕಠಿಣವೆನಿಸುತ್ತದೆ. ಆ ತಾಯಿಯ ಕಣ್ಣೀರನ್ನು ಯಾರು ಕಾಣಲಿಲ್ಲ? ಆದರೆ ಇನ್ನೊಂದು ಬದಿಯಿಂದ ನೋಡಿ. ಆ ಹುಡುಗಿಗೆ ಸುಳ್ಳು ಕೂದಲು ಬೇಡವೆಂದಾಗ, ಅವಳು ಇರುವಂತೆಯೇ ಅವಳನ್ನು ಸ್ವೀಕರಿಸಬೇಕಾದ ಜವಾಬ್ದಾರಿ ಮದುಮಗನ ಮೇಲೆ ಬಿತ್ತು. ಆ ಅರ್ಧವನ್ನು ನಾವು ಗಂಡಸರು ಮರೆತಿದ್ದೇವೆ. ಪತ್ನಿ ನನಗಾಗಿ ಅಲಂಕರಿಸಿಕೊಳ್ಳುವುದು ನನಗೆ ಇಷ್ಟವಾದಂತೆ ಅವಳಿಗಾಗಿ ಅಲಂಕರಿಸಿಕೊಳ್ಳುವುದೂ ನನಗಿಷ್ಟ ಎಂಬರ್ಥದ ಇಬ್ನು ಅಬ್ಬಾಸ್(ರ)ರ ಮಾತು ಅಲ್ ಬಖರ ಸೂರಾದ 228ನೇ ವಚನದ ವ್ಯಾಖ್ಯಾನದಲ್ಲಿ ಬರುತ್ತದೆ. ಹೊಟ್ಟೆ ಬಿಟ್ಟುಕೊಂಡು, ಬೆವರಿನ ಅಂಗಿಯಲ್ಲೇ ಊಟಕ್ಕೆ ಕುಳಿತು ಹೆಂಡತಿಯ ಕೆನ್ನೆಯ ಗೆರೆ ಎಣಿಸುವವರು ಅದನ್ನು ಓದಲಿ. ಮನೆಯಲ್ಲಿ ಒಂದು ಒಳ್ಳೆಯ ಮಾತಿಗೆ ದುಡ್ಡು ಬೇಕಿಲ್ಲ. ಆ ಮಾತು ಸಿಗದ ಮನೆಗಳಿಂದಲೇ ಹಲವರು ಚಿಕಿತ್ಸಾಲಯದ ಮೆಟ್ಟಿಲೇರುತ್ತಾರೆ ಎಂಬುದು ನನ್ನ ಬಲವಾದ ಸಂಶಯ.

ಕೊನೆಯದಾಗಿ, ಈಗಾಗಲೇ ಮಾಡಿಸಿಕೊಂಡಿರುವವರ ಬಗ್ಗೆ. ವುಝೂ, ನಮಾಝ್ ಸಿಂಧುವಾಗುವುದೇ ಎಂಬ ಭಯ ಕೆಲವರಿಗಿದೆ. ಫಿಲ್ಲರ್ ಇರುವುದು ಚರ್ಮದ ಅಡಿಯಲ್ಲಿ. ನೀರು ತಲುಪಬೇಕಾದುದು ಚರ್ಮದ ಮೇಲ್ಭಾಗಕ್ಕೆ, ಅಲ್ಲಿಗೆ ತಲುಪುತ್ತದೆ. ಅದನ್ನು ಕೂಡಲೇ ತೆಗೆಸಬೇಕೆಂದೂ ಇಲ್ಲ. ಹಯಲುರಾನಿಕ್ ಫಿಲ್ಲರನ್ನು ಕರಗಿಸಲು ಹಯಲುರಾನಿಡೇಸ್ ಎಂಬ ಚುಚ್ಚುಮದ್ದಿದೆ. ಕೆಲವರಿಗೆ 그ದರಿಂದ ಅಲರ್ಜಿಯಾಗುವುದುಂಟು. ಹಚ್ಚೆಯ ವಿಷಯದಲ್ಲೇ, ತೆಗೆಯುವುದರಿಂದ ಹಾನಿಯ ಭಯವಿದ್ದರೆ ತೌಬಾ ಸಾಕು, ತೆಗೆಸುವುದು ಕಡ್ಡಾಯವಲ್ಲ ಎಂದು ಇಮಾಮರು ಹೇಳಿದ್ದಾರೆ. ತಾನಾಗಿಯೇ ಕರಗುವ ವಸ್ತುವಿಗಾಗಿ ಮತ್ತೊಮ್ಮೆ ಸೂಜಿಗೆ ಮುಖ ಒಡ್ಡುವುದಕ್ಕಿಂತ, ಗಂಟು, ನೋವು, ಚರ್ಮದ ಬಣ್ಣ ಬದಲಾದದ್ದು ಏನಾದರೂ ಇದ್ದರೆ ತಡಮಾಡದೆ ಅರ್ಹ ಚರ್ಮವೈದ್ಯರನ್ನು ಕಾಣುವುದು ಮೇಲು. ನಾಚಿಕೆಯಿಂದ ಮನೆಯವರಿಗೆ ಹೇಳದೆ ಮುಚ್ಚಿಟ್ಟುಕೊಂಡಿರುವವರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.